ಕಲ್ಲಿದ್ದಲು ದೂಳಿನ ಹತ್ತಿರ ವಾಸ ಇದ್ದರೆ ಆರೋಗ್ಯಕ್ಕೆ ಏನಾಗುತ್ತದೆ? ರಾಯಚೂರಿನವರಿಗೂ ತೊಂದರೆ ಇದೆಯಾ?

ರಾಯಚೂರಿನಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿ ಗಣಿಗಳಂಥ ಕಡೆಯಿಂದ ರೈಲಿನಲ್ಲಿ ಬರುತ್ತದೆ, ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಉರಿದು ಬೂದಿಯಾಗುತ್ತದೆ. ಗಣಿಯಲ್ಲಿ ವರ್ಷಗಟ್ಟಲೆ ದುಡಿದವರಿಗೆ ಶ್ವಾಸಕೋಶ ಕಪ್ಪಾಗಿ ಗಟ್ಟಿಯಾಗುವ ಕಾಯಿಲೆ ಬರಬಹುದು, ಅದು ವಾಸಿಯಾಗುವುದಿಲ್ಲ. ಅಕ್ಕಪಕ್ಕದ ಊರಿನವರಿಗೆ ಅದು ಬರುವುದು ಅಪರೂಪ. ಆದರೆ ದೂಳು ಅವರನ್ನೂ ಬಿಡುವುದಿಲ್ಲ.

ಕಣ್ಣಿಗೆ ಕಾಣುವ ದೂಳು ಹೆಚ್ಚಾಗಿ ಮೂಗು, ಗಂಟಲಲ್ಲೇ ನಿಲ್ಲುತ್ತದೆ. ಕೆಮ್ಮು, ಕಣ್ಣುರಿ ಬರುತ್ತದೆ. ನಿಜವಾದ ಭಯ ಕಾಣದ ದೂಳಿನದು. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ತಲೆಕೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು, ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರಬಹುದು. ಉಬ್ಬಸ ಜಾಸ್ತಿಯಾಗುತ್ತದೆ. ಹೃದಯಾಘಾತ, ಲಕ್ವದ ಅಪಾಯವೂ ಏರುತ್ತದೆ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಇನ್ನೂ ಕಷ್ಟ.

ನಮ್ಮ ಅಕ್ಕನ ಮನೆ ಬೂದಿ ಲಾರಿ ಓಡಾಡುವ ರಸ್ತೆ ಬದಿಗಿದೆ. ಬೆಳಿಗ್ಗೆ ಒರೆಸಿದ ಕಟ್ಟೆ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದು. ಒಣ ಪೊರಕೆಯಲ್ಲಿ ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು ಅಂತ ಅವಳಿಗೆ ಹೇಳುತ್ತಲೇ ಇರುತ್ತೇನೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಣ್ಣ ಕಣ ನಿಲ್ಲುವುದಿಲ್ಲ, ಎನ್95 ಮಾಸ್ಕೇ ಬೇಕು. ಕೆಮ್ಮು ಎರಡು ವಾರ ದಾಟಿದರೆ ದೂಳಿನದೇ ಅಂತ ಸುಮ್ನೆ ಸಿರಪ್ ಕುಡಿಯುತ್ತಾ ಕೂರಬೇಡಿ. ಕಫ ಪರೀಕ್ಷೆ ಮಾಡಿಸಿ, ಅದು ಟಿಬಿಯೂ ಇರಬಹುದು.