ಮೂರನೇ ಪುಟದಲ್ಲಿರುವುದು ಏಜೆಂಟಿಗೆ ಕಾಣುವುದಿಲ್ಲ

ಶಿರಸಿ

ಪ್ರಿಯ ಬರಹಗಾರರೇ, ನಮಸ್ಕಾರ.

ಎಐ ಏಜೆಂಟುಗಳಿಗೆ (ನಮ್ಮ ಪರವಾಗಿ ತಾವೇ ಕೆಲಸ ಮಾಡುವ ಎಐ ತಂತ್ರಾಂಶಗಳಿಗೆ) ಟೂಲ್‌ಗಳನ್ನು, ಅಂದರೆ ಅವು ಕರೆದು ಬಳಸುವ ಪುಟ್ಟ ಪ್ರೋಗ್ರಾಮುಗಳನ್ನು, ವಿವರಿಸುವ ಬಗೆ ಮತ್ತು ಆ ವಿವರಣೆಯ ಗುಣಮಟ್ಟವನ್ನು ಅಳೆಯುವ ಬಗೆಯನ್ನು ಕುರಿತ ನಿಮ್ಮ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ. ಆಂತ್ರಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಹೊರತಂದ, ಏಜೆಂಟುಗಳಿಗೆ ಟೂಲ್‌ಗಳನ್ನು ಜೋಡಿಸುವ ನಿಯಮಾವಳಿಯಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನ ಪರಿಚಯವೂ ಚೊಕ್ಕವಾಗಿದೆ. ಉದಾಹರಣೆಗೆ ನಮ್ಮ ಅಡಿಕೆ ಪೇಟೆಯನ್ನೇ ಆಯ್ದುಕೊಂಡಿದ್ದು ಸಂತೋಷ. ಆದರೂ ಈಗಿರುವಂತೆ ಇದನ್ನು ಪ್ರಕಟಿಸಲಾರೆ. ಎರಡು ಸಂಗತಿಗಳು ನನ್ನನ್ನು ಕಾಡಿದವು. ಮೊದಲನೆಯದಂತೂ ಸಿಟ್ಟನ್ನೇ ತರಿಸಿತು.

‘ಒಳ್ಳೆಯ ವಿವರಣೆಗೆ ಮಾದರಿ’ ಎಂದು ನೀವು ಕೊಟ್ಟಿರುವ ಮೊದಲ ಟೂಲ್‌ನ ಹೆಸರು ‘ದರ_ನೋಡು’. ಅದರ ವಿವರಣೆ: ‘ಅಡಿಕೆ ದರ ಇತ್ಯಾದಿ ಮಾಹಿತಿ ಒದಗಿಸುತ್ತದೆ.’ ಈ ‘ಇತ್ಯಾದಿ’ಯಲ್ಲಿ ಏನೇನಿದೆ? ಕಾಳುಮೆಣಸಿದೆಯೇ, ಏಲಕ್ಕಿಯಿದೆಯೇ? ಇನ್ನು ‘ಅಡಿಕೆ ದರ’ ಎಂದರೆ ಯಾವ ಅಡಿಕೆಯ ದರ? ಹಣ್ಣಡಿಕೆಯನ್ನು ಒಣಗಿಸಿ ಸುಲಿದ ಚಾಲಿಗೆ ಒಂದು ದರ, ಹಸಿಯದನ್ನು ಸುಲಿದು ಬೇಯಿಸಿ ಒಣಗಿಸಿದ ರಾಶಿಗೆ ಇನ್ನೊಂದು ದರ. ಬೆಟ್ಟೆ, ಬಿಳೆಗೋಟು, ಕೆಂಪುಗೋಟುಗಳದ್ದು ಬೇರೆಯೇ ಲೆಕ್ಕ. ಬಂದ ಅಂಕಿ ಕ್ವಿಂಟಲಿಗೋ ಕಿಲೋಗೋ, ಕನಿಷ್ಠವೋ ಗರಿಷ್ಠವೋ ಸರಾಸರಿಯೋ ಎಂಬುದೂ ಅಲ್ಲಿಲ್ಲ.

ಎರಡನೆಯದು ‘ಮಾರುಕಟ್ಟೆ_ಮಾಹಿತಿ’. ವಿವರಣೆ: ‘ಮಾರುಕಟ್ಟೆಗೆ ಸಂಬಂಧಿಸಿದ ವಿವರ ಪಡೆಯಲು ಬಳಸಿ.’ ದರವೂ ಮಾರುಕಟ್ಟೆಗೆ ಸಂಬಂಧಿಸಿದ್ದೇ ಅಲ್ಲವೇ? ಮೊದಲನೆಯದು ಇಂದಿನ ದರಕ್ಕೆ, ಎರಡನೆಯದು ಹಿಂದಿನ ತಿಂಗಳುಗಳ ದರಕ್ಕೆ ಎಂದು ನೀವು ಲೇಖನದ ಮೂರನೇ ಪುಟದಲ್ಲಿ ತಿಳಿಸುತ್ತೀರಿ. ಏಜೆಂಟು ನಿಮ್ಮ ಮೂರನೇ ಪುಟವನ್ನು ಓದುವುದಿಲ್ಲ. ಏಜೆಂಟಿನ ಒಳಗಿರುವ ಭಾಷಾ ಮಾಡೆಲ್‌ನ ಮುಂದಿರುವುದು ಟೂಲ್‌ನ ಹೆಸರು, ವಿವರಣೆ, ಕೊಡಬೇಕಾದ ಮೌಲ್ಯಗಳ ಸ್ಕೀಮಾ (ಯಾವ ಮೌಲ್ಯ ಯಾವ ರೂಪದಲ್ಲಿರಬೇಕೆಂಬ ಪಟ್ಟಿ), ಇಷ್ಟೇ. ಒಳಗಿನ ಕೋಡ್ ಕೂಡ ಅದಕ್ಕೆ ಕಾಣದು. ‘ದಿನಾಂಕ’ ಎಂದಷ್ಟೇ ಬರೆದರೆ, 05-06 ಎಂಬುದು ಜೂನ್ 5 ಆಗಬಹುದು, ಮೇ 6 ಕೂಡ ಆಗಬಹುದು. ‘ಸ್ಥಳ’ ಎಂದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ಎಂದು ಒಪ್ಪುವ ಹೆಸರುಗಳನ್ನು ಸ್ಕೀಮಾದಲ್ಲೇ ಪಟ್ಟಿ ಮಾಡಿದ್ದರೆ ಮಾಡೆಲ್ ಊಹಿಸಬೇಕಾಗುತ್ತಿರಲಿಲ್ಲ. ವ್ಯಾಪಾರ ನಡೆಯದ ದಿನ ಟೂಲ್ ಖಾಲಿ ಉತ್ತರ ಕೊಡುತ್ತದೆಯೋ, ಹಿಂದಿನ ದಿನದ ದರವನ್ನೇ ಕೊಡುತ್ತದೆಯೋ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು.

ಸಿಟ್ಟಿಗೆ ಕಾರಣವಿದೆ. ನಾನು ಇಲ್ಲಿನ ಒಂದು ವಾರಪತ್ರಿಕೆಗೆ ಕೆಲಸ ಕಲಿಯಲು ಸೇರಿದ ಹೊಸತರಲ್ಲಿ ಪೇಟೆ ಧಾರಣೆಯ ಅಂಕಣ ನನ್ನ ಪಾಲಿಗೆ ಬಂದಿತ್ತು. ಒಂದು ವಾರ ರಾಶಿಯ ದರ ಏರಿತು. ನಾನು ‘ಅಡಿಕೆಗೆ ಒಳ್ಳೆಯ ದರ’ ಎಂದು ಬರೆದೆ. ಅದನ್ನು ನಂಬಿ ಘಟ್ಟದ ಅಂಚಿನ ಊರಿನವರೊಬ್ಬರು ಬಾಡಿಗೆ ಟೆಂಪೋದಲ್ಲಿ ಚಾಲಿ ಹೇರಿಕೊಂಡು ಪೇಟೆಗೆ ಬಂದರು. ಚಾಲಿಯ ದರ ಇದ್ದಲ್ಲೇ ಇತ್ತು. ಅವರು ಬೈಯಲಿಲ್ಲ, ಕಚೇರಿಗೆ ಬಂದು ಮೇಜಿನ ಮೇಲೆ ಪತ್ರಿಕೆಯನ್ನು ಬಿಡಿಸಿಟ್ಟು, ಬಾಡಿಗೆ ಎಷ್ಟಾಯಿತೆಂದು ಹೇಳಿ ಹೋದರು. ನಾನು ‘ರಾಶಿ ಎಂಬುದು ನನಗೆ ಗೊತ್ತಿತ್ತು’ ಎಂದಾಗ ಹಿರಿಯ ಸಂಪಾದಕರು, ‘ತಮಾ, ನಿನಗೆ ಗೊತ್ತಿದ್ದದ್ದು ಈ ಕಾಗದದಲ್ಲಿ ಎಲ್ಲಿದೆ, ತೋರಿಸು’ ಎಂದರು. ಮುಂದೆ ನನ್ನ ಅಂಕಣವನ್ನು ಅವರು ಚಹಾ ತರುವ ಹುಡುಗನ ಕೈಗೆ ಕೊಟ್ಟು, ‘ನಿನ್ನ ಹತ್ತಿರ ಎರಡು ಚೀಲ ಚಾಲಿ ಇದ್ದರೆ ಇವತ್ತು ಮಾರುತ್ತೀಯೋ?’ ಎಂದು ಕೇಳುತ್ತಿದ್ದರು. ಹುಡುಗ ತಡವರಿಸಿದರೆ ಅಂಕಣ ನನ್ನ ಮೇಜಿಗೆ ವಾಪಸು.

ನಿಮ್ಮ ಎರಡನೆಯ ತಪ್ಪು ಇಲ್ಲಿಗೇ ಬಂದು ಸೇರುತ್ತದೆ. ಈ ವಿವರಣೆಗಳಿಗೆ ‘ಸ್ಪಷ್ಟತೆ 8/10, ಸಂಪೂರ್ಣತೆ 7/10’ ಎಂದು ಅಂಕ ಕೊಟ್ಟಿದ್ದೀರಿ. ಕೊಟ್ಟವರು ಯಾರು? ಟೂಲ್ ಬರೆದ ನೀವೇ. ಒಳಗಿನದೆಲ್ಲ ಗೊತ್ತಿರುವವರಿಗೆ ಯಾವ ವಾಕ್ಯವೂ ಸ್ಪಷ್ಟವಾಗಿಯೇ ಕಾಣುತ್ತದೆ. ಅದರ ಬದಲು ಬೆಳೆಗಾರರು ಕೇಳುವ ಮಾತಿನಲ್ಲೇ ಇಪ್ಪತ್ತು ಮೂವತ್ತು ಪ್ರಶ್ನೆಗಳನ್ನು ಬರೆದು, ಯಾವುದಕ್ಕೆ ಯಾವ ಟೂಲ್, ಯಾವ ಮೌಲ್ಯಗಳೊಂದಿಗೆ ಬಳಕೆಯಾಗಬೇಕೆಂದು ಮೊದಲೇ ಗುರುತು ಹಾಕಿಕೊಳ್ಳಿ. ‘ಎಲೆಚುಕ್ಕಿ ರೋಗಕ್ಕೆ ಏನು ಹೊಡೆಯಬೇಕು?’ ಎಂಬಂತಹ, ಎರಡೂ ಟೂಲ್‌ಗಳನ್ನು ಮುಟ್ಟಬಾರದ ಪ್ರಶ್ನೆಗಳೂ ಕೆಲವಿರಲಿ. ಮಾಡೆಲ್‌ಗಳು ಟೂಲ್‌ಗಳನ್ನು ಎಷ್ಟು ಸರಿಯಾಗಿ ಬಳಸುತ್ತವೆಂದು ಅಳೆಯುವ, ಬರ್ಕ್ಲಿ ವಿಶ್ವವಿದ್ಯಾಲಯದ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್‌ನಲ್ಲೂ ಇಂತಹ ಪ್ರಶ್ನೆಗಳ ವಿಭಾಗವಿದೆ. ಒಂದೇ ಪ್ರಶ್ನೆಗೆ ಮಾಡೆಲ್ ಪ್ರತಿ ಸಲವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲವಾದ್ದರಿಂದ ಪ್ರತಿಯೊಂದನ್ನೂ ಹಲವು ಸಲ ಕೇಳಿ. ತಪ್ಪು ಟೂಲ್ ಆರಿಸಿದ್ದನ್ನೂ, ಸರಿಯಾದ ಟೂಲ್‌ಗೆ ತಪ್ಪು ಮೌಲ್ಯ ಕೊಟ್ಟಿದ್ದನ್ನೂ ಬೇರೆ ಬೇರೆ ಎಣಿಸಿ. ಎರಡಕ್ಕೂ ಮದ್ದು ಬೇರೆ ಬೇರೆ. ಬಳಿಕ ಕೋಡ್ ಮುಟ್ಟದೆ ವಿವರಣೆಯನ್ನಷ್ಟೇ ತಿದ್ದಿ ಮತ್ತೆ ಕೇಳಿ. ಕೆಲವು ಪ್ರಶ್ನೆಗಳನ್ನು ಮೊದಲಿನಿಂದಲೂ ಪಕ್ಕಕ್ಕಿಟ್ಟು ಕೊನೆಯಲ್ಲಿ ಮಾತ್ರ ಬಳಸಿ. ಇಲ್ಲವಾದರೆ ಕೈಯಲ್ಲಿರುವ ಪ್ರಶ್ನೆಗಳಿಗೆ ತಕ್ಕಂತೆಯೇ ವಿವರಣೆಯನ್ನು ಹೆಣೆದುಬಿಡುತ್ತೀರಿ.

ಇಷ್ಟು ಹೇಳಿದೆನೆಂದು ವಿವರಣೆಯನ್ನು ಪುಟಗಟ್ಟಲೆ ಬೆಳೆಸಬೇಡಿ. ಟೂಲ್‌ಗಳ ವಿವರಣೆಗಳು ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಅದು ಒಂದು ಸಲಕ್ಕೆ ಗಮನದಲ್ಲಿಟ್ಟುಕೊಳ್ಳಬಲ್ಲ ಸೀಮಿತ ಪಠ್ಯದಲ್ಲಿ, ಜಾಗ ಹಿಡಿಯುತ್ತವೆ.

ಚಿತ್ರಗಳ ವಿಷಯ ಆಮೇಲೆ ನೋಡೋಣ. ತಿದ್ದಿದ ಪ್ರತಿಯೊಂದಿಗೆ ನಿಮ್ಮ ಪ್ರಶ್ನೆಗಳ ಪಟ್ಟಿಯನ್ನೂ, ಏಜೆಂಟು ತಪ್ಪಿದ ಕಡೆ ನಿಜವಾಗಿ ಯಾವ ಟೂಲ್‌ಗೆ ಏನು ಕಳಿಸಿತು ಎಂಬುದನ್ನೂ ಇದ್ದಂತೆಯೇ ಕಳಿಸಿ. ಅಂಕಗಳ ಕೋಷ್ಟಕ ಬೇಡ.

ಇತಿ,
ಸಂಪಾದಕ