ನೀಟ್‌ನಲ್ಲಿ 400, ಪಿಯುಸಿಯಲ್ಲಿ 91 ಪರ್ಸೆಂಟ್: ಡೆಂಟಲ್‌ಗೆ ಸಾಕಾ, ಲಾಂಗ್ ಟರ್ಮ್‌ಗೆ ಹೋಗಲಾ?

ಎಂಬಿಬಿಎಸ್ ಸಿಗದಿದ್ದರೆ ಈ ಮಾರ್ಕ್ಸ್‌ಗೆ ಡೆಂಟಲ್ (ಬಿಡಿಎಸ್) ಸೇರಲಾ, ಇಲ್ಲಾ ಲಾಂಗ್ ಟರ್ಮ್, ಅಂದರೆ ಇನ್ನೊಂದು ವರ್ಷ ಕೋಚಿಂಗ್‌ನಲ್ಲಿ ಕೂತು ಮತ್ತೆ ನೀಟ್ ಬರೆಯಲಾ ಅಂತ ಕೇಳಿದ್ದೀರಿ. ಹೆಚ್ಚುಕಡಿಮೆ ನನ್ನದೇ ಮಾರ್ಕ್ಸ್ ಕಾರ್ಡ್ ಇದು. ಆ ಮಾರ್ಕ್ಸ್‌ಗೆ ನನಗೆ ಸರ್ಕಾರಿ ಡೆಂಟಲ್ ಸೀಟು ಸಿಗುತ್ತಿತ್ತು. ಕೈಯಾರೆ ಕಳ್ಕೊಂಡೆ.

ಮೊದಲು ಆ 91 ಪರ್ಸೆಂಟ್ ಮರೆತುಬಿಡಿ. ಇಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ಪಿಯುಸಿಗೂ ಅರ್ಧ ಪಾಲು ಇರುತ್ತಲ್ಲ, ಡೆಂಟಲ್ಲಿಗೂ ಹಾಗೇ ಅಂತ ನಮ್ಮಪ್ಪ ಊರೆಲ್ಲ ಹೇಳ್ಕೊಂಡು ಬಂದಿದ್ದರು. ಹಾಗಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಜನರಲ್‌ನವರಿಗೆ 50 ಪರ್ಸೆಂಟ್, ಮೀಸಲಾತಿಯವರಿಗೆ 40, ಇಂಗ್ಲಿಷ್ ಪಾಸ್. ಅಷ್ಟಿದ್ದರೆ ಅರ್ಹರು. ಆಮೇಲೆ ನಡೆಯೋದೆಲ್ಲ ನೀಟ್ ರ‍್ಯಾಂಕಿನ ಮೇಲೆ.

400 ಸಾಕಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ. 720ಕ್ಕೆ ಜನರಲ್ ಕೆಟಗರಿಯ ಅರ್ಹತಾ ಅಂಕ 2022ರಲ್ಲಿ 117 ಇತ್ತು, 2024ರಲ್ಲಿ 162ಕ್ಕೆ ಏರಿತು, 2025ರಲ್ಲಿ 144ಕ್ಕೆ ಇಳಿಯಿತು. 2025ರ ಫಿಸಿಕ್ಸ್ ಪೇಪರ್ ಕಂಡು ಅತ್ತವರೆಷ್ಟೋ ಜನ. ಆ ವರ್ಷದ 400 ಬೇರೆ, ಹಿಂದಿನ ವರ್ಷದ 400 ಬೇರೆ. ನಿಮ್ಮ ರ‍್ಯಾಂಕ್ ಎಷ್ಟು, ಕೆಟಗರಿ ಯಾವುದು, ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಇದೆಯಾ, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಇದೆಯಾ, ಅದನ್ನು ಹೇಳಿ. ಗ್ರಾಮೀಣ ಇದ್ದರೆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಈಗಲೇ ಹಾಕಿಸಿಟ್ಟುಕೊಳ್ಳಿ.

ಈಗ ನನ್ನ ಘನಕಾರ್ಯ. ಸೀಟು ಹಂಚೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ, ಮಾಡೋಕೆ ಸೈಬರ್ ಸೆಂಟರಿಗೆ ಹೋಗಿದ್ದೆ. ಅಲ್ಲಿದ್ದ ಅಣ್ಣ, "ಸರ್ಕಾರಿದು ನಿನ್ನ ರ‍್ಯಾಂಕಿಗೆ ಬರಲ್ಲ, ಮೊದಲ ಜಾಗ ಯಾಕೆ ವೇಸ್ಟ್ ಮಾಡ್ತೀಯ" ಅಂದ. ನಿಜ ಅನ್ನಿಸಿತು. ಮನೆಗೆ ಹತ್ತಿರದ ಒಂದು ಖಾಸಗಿ ಕಾಲೇಜನ್ನು ಮೊದಲು ಹಾಕಿ, ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು ಎರಡನೆಯದು, ಬಳ್ಳಾರಿಯದು ಮೂರನೆಯದು ಅಂತ ಬರೆದೆ.

ಕೆಇಎ ಕಂಪ್ಯೂಟರ್ ಏನು ಮಾಡುತ್ತೆ ಅಂದರೆ, ರ‍್ಯಾಂಕ್ ಪ್ರಕಾರ ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ಓದುತ್ತೆ. ಮೊದಲನೆಯದರಲ್ಲಿ ಸೀಟು ಉಳಿದಿದೆಯಾ? ಇದ್ದರೆ ಕೊಟ್ಟು ಮುಂದಿನವರಿಗೆ ಹೋಗುತ್ತೆ. ಇಲ್ಲವಾದರೆ ಎರಡನೆಯದು ನೋಡುತ್ತೆ. ಸಿಗದ ಕಾಲೇಜನ್ನು ಮೇಲೆ ಬರೆದದ್ದಕ್ಕೆ ದಂಡ ಇಲ್ಲ, ಕೆಳಗಿನದಕ್ಕೆ ನಿಮ್ಮ ಸರದಿ ತಪ್ಪೋದೂ ಇಲ್ಲ. ಮೊದಲ ಜಾಗ ವೇಸ್ಟ್ ಆಗೋದು ಅನ್ನೋದೇ ಸುಳ್ಳು. ಸಿಕ್ಕ ಸೀಟಿನ ಕೆಳಗಿರೋ ಆಪ್ಷನ್‌ಗಳು ಮಾತ್ರ ರದ್ದಾಗುತ್ತವೆ. ಸಿಕ್ಕ ಸೀಟು ಇಟ್ಕೊಂಡೇ ಮುಂದಿನ ಸುತ್ತಿಗೆ ಕಾಯೋ "ಎರಡನೇ ಛಾಯ್ಸ್" ಒತ್ತಿ ಕಾದರೂ ಅದಕ್ಕಿಂತ ಮೇಲಿನವು ಮಾತ್ರ ಬರಬಹುದು. ನನಗೆ ಒಂದನೆಯದೇ ಸಿಕ್ಕಿತ್ತು. ಅದರ ಮೇಲೆ ಇನ್ನೇನಿದೆ? ಕೆಇಎ ಕಟ್ ಆಫ್ ಪಟ್ಟಿ ಬಂದಾಗ ನೋಡಿದರೆ, ಬಳ್ಳಾರಿಯಲ್ಲಿ ನನ್ನ ಕೆಟಗರಿಯ 3ಎಆರ್ (3ಎ ಗ್ರಾಮೀಣ) ಸೀಟು ನನಗಿಂತ ಹಿಂದಿನ ರ‍್ಯಾಂಕಿಗೆ ಹೋಗಿತ್ತು. ನಮ್ಮಪ್ಪ ಕೆಎಸ್ಸಾರ್ಟಿಸಿ ಕಂಡಕ್ಟರ್. ನನ್ನ ಫೀಸಿಗೆ ಪಿಎಫ್ ತೆಗೆದರು. ಸರ್ಕಾರಿ ಕಾಲೇಜಿನ ಫೀಸಿನ ಎಷ್ಟೋ ಪಟ್ಟು ಅದು.

ಹಾಗಾಗಿ ಬೇಕಾದ ಕ್ರಮದಲ್ಲಿ ಬರೆಯಿರಿ, ಸಿಗಬಹುದಾದ ಕ್ರಮದಲ್ಲಿ ಅಲ್ಲ. ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಆದ ಮೇಲೆ ತಿದ್ದೋಕೆ ಬಿಡ್ತಾರೆ, ಆಗ ಅಪ್ಪ ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ನೋಡಿ. ಸೈಬರ್ ಅಣ್ಣನ್ನ ಬೇಡ.

ಇನ್ನು ಲಾಂಗ್ ಟರ್ಮ್. ಡೆಂಟಲ್ಲೇ ಬೇಕು ಅಂದರೆ ಇನ್ನೊಂದು ವರ್ಷ ಕೋಚಿಂಗ್‌ನಲ್ಲಿ ಕೂರೋದು ನನ್ನ ಪ್ರಕಾರ ದಂಡ. ಆದರೆ ನಿಮ್ಮ ಪ್ರಶ್ನೆಯಲ್ಲಿ "ಎಂಬಿಬಿಎಸ್ ಸಿಗದಿದ್ದರೆ" ಅಂತ ಎರಡು ಸಲ ಬಂದಿದೆ. ಎಂಬಿಬಿಎಸ್ ಆಸೆ ಇಟ್ಕೊಂಡು ಬಿಡಿಎಸ್ ಸೇರಿದವರು ನಾಲ್ಕು ವರ್ಷ ಮತ್ತೆ ಇಂಟರ್ನ್‌ಶಿಪ್ ಪೂರ್ತಿ ಗೊಣಗಿದ್ದನ್ನ ಹಾಸ್ಟೆಲ್ಲಲ್ಲಿ ಕೇಳಿದ್ದೀನಿ. ಇದು ಕೈಕೆಲಸದ ಓದು. ಮೊದಲ ವರ್ಷವೇ ಮೇಣದ ತುಂಡು ಕೊಟ್ಟು ದವಡೆ ಹಲ್ಲು ಕೆತ್ತು ಅಂತಾರೆ, ಒಂದು ಗೆರೆ ಆಳ ಆದರೆ ಮತ್ತೆ ಹೊಸದು. ನನಗೆ ಅಲ್ಲೇ ಇದು ಹಿಡಿಸಿದ್ದು. ನೀವು ಇವತ್ತೇ ಒಂದು ಸೋಪು, ಒಂದು ಪುಟ್ಟ ಚಾಕು ತಗೊಂಡು, ಕನ್ನಡಿಯಲ್ಲಿ ನೋಡಿಕೊಂಡು ನಿಮ್ಮದೇ ಹಲ್ಲೊಂದನ್ನ ಕೆತ್ತಿ ನೋಡಿ. ಅರ್ಧ ಗಂಟೆಗೇ ಬೇಜಾರಾಗಿ ಎಸೆದರೆ ಲಾಂಗ್ ಟರ್ಮ್‌ಗೆ ಹೋಗಿ.