ನೆರಳಿಗೂ ಬೋರರ್‌ಗೂ ಸಂಬಂಧ ಇದೆಯಾ? ನಿಮ್ಮ ಲೆಕ್ಕಕ್ಕೆ ಉತ್ತರ

ಅಣ್ಣಾ, ಮಾದಾಪುರದ ಅರೇಬಿಕಾ ಕಾಫಿ ತೋಟದಲ್ಲಿ 200 ಗಿಡ ನೋಡಿದ್ದೀರಿ. ನೆರಳಲ್ಲಿರುವ 120ರಲ್ಲಿ 18ಕ್ಕೆ ಬೋರರ್ (ಕಾಂಡ ಕೊರೆಯುವ ಹುಳ), ಬಿಸಿಲು ಬೀಳುವ 80ರಲ್ಲಿ 24ಕ್ಕೆ. "18ಕ್ಕೂ 24ಕ್ಕೂ ಏನು ಮಹಾ ವ್ಯತ್ಯಾಸ, ನೆರಳಿನ ಮರಗಳ ಕೊಂಬೆ ಕಡಿಸಲಾ" ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಶೇಕಡಾ ಲೆಕ್ಕ ಹಾಕಿದರೆ ನೆರಳಲ್ಲಿ 15, ಬಿಸಿಲಲ್ಲಿ 30. ಅಂದರೆ ಎರಡರಷ್ಟು!

ಆದರೂ ಇದು ಆಕಸ್ಮಿಕ ಇರಬಹುದಲ್ಲ? ನೆರಳೋ ಬಿಸಿಲೋ, ಬೋರರ್ ಇದೆಯೋ ಇಲ್ಲವೋ, ಎರಡೂ ಅಳೆಯುವಂಥದ್ದಲ್ಲ, ಬರೀ ವಿಂಗಡಣೆ. ಇಂಥ ಕಡೆ ಸರಾಸರಿ ಕೆಲಸಕ್ಕೆ ಬರೋದಿಲ್ಲ. ಎರಡು ವಿಂಗಡಣೆಗೆ ಸಂಬಂಧ ಇದೆಯಾ ಅಂತ ನೋಡಲು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ ಕೈ ಸ್ಕ್ವೇರ್ ಪರೀಕ್ಷೆ ಬೇಕು. ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಒಟ್ಟು 42 ಗಿಡಕ್ಕೆ ಬೋರರ್, ಅಂದರೆ ಶೇ 21. ನೆರಳಿಗೂ ಹುಳಕ್ಕೂ ಸಂಬಂಧವೇ ಇಲ್ಲದಿದ್ದರೆ 120ರಲ್ಲಿ 25.2, 80ರಲ್ಲಿ 16.8 ಗಿಡಕ್ಕೆ ಇರಬೇಕಿತ್ತು. ಚೆನ್ನಾಗಿರುವ ಗಿಡ 94.8 ಮತ್ತು 63.2. ನೆರಳು-ಬಿಸಿಲು ಎರಡು ಸಾಲು, ಬೋರರ್ ಇದೆ-ಇಲ್ಲ ಎರಡು ಕಂಬ ಮಾಡಿ ಕೋಷ್ಟಕ ಬರೆದರೆ, ನಾಲ್ಕೂ ಮನೆಯಲ್ಲಿ ನಿಮ್ಮ ಎಣಿಕೆಗೂ ಇದಕ್ಕೂ ವ್ಯತ್ಯಾಸ 7.2. ಅದರ ವರ್ಗ 51.84. ಅದನ್ನು ಆಯಾ ಮನೆಯ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ನಾಲ್ಕನ್ನೂ ಕೂಡಿ: ಸುಮಾರು 6.5. ಎರಡು-ಎರಡರ ಕೋಷ್ಟಕದಲ್ಲಿ ಗಡಿ 3.84, ಸಂಬಂಧ ಇಲ್ಲದಿದ್ದರೂ ಆಕಸ್ಮಿಕವಾಗಿ ಅದನ್ನು ದಾಟುವುದು ನೂರಕ್ಕೆ ಐದು ಸಲ ಮಾತ್ರ. ನಿಮ್ಮದು ಆರಾಮಾಗಿ ದಾಟಿದೆ. (ನಿರೀಕ್ಷಿತ ಸಂಖ್ಯೆ ಯಾವ ಮನೆಯಲ್ಲಾದರೂ 5ಕ್ಕಿಂತ ಕಡಿಮೆ ಬಂದರೆ ಇದನ್ನು ಬಿಟ್ಟು ಸಣ್ಣ ಸಂಖ್ಯೆಗೂ ಹೊಂದುವ ಫಿಷರ್ ಪರೀಕ್ಷೆ ಮಾಡಿ.)

ಸಂಬಂಧ ಇದೆ ಅಂದಮಾತ್ರಕ್ಕೆ ಕಾರಣ ನೆರಳೇ ಅಂತ ಈ ಲೆಕ್ಕ ಹೇಳೋದಿಲ್ಲ. ಬಿಸಿಲಿಗೆ ತೆರೆದ ಗಿಡದ ತೊಗಟೆ ಬಿರುಕಲ್ಲಿ ಬೋರರ್‌ನ ಹೆಣ್ಣು ದುಂಬಿ ಮೊಟ್ಟೆ ಇಡುತ್ತದೆ ಅನ್ನೋದು ಗೊತ್ತಿರುವ ವಿಷಯ, ಹಾಗಾಗಿ ನೆರಳು ಇಲ್ಲದ್ದೇ ಕಾರಣ ಅಂತ ನನಗಂತೂ ಅನುಮಾನ. ಆದರೆ ಬಿಸಿಲಿನ 80 ಗಿಡವೂ ಹಳೇ ಎಸ್ 795 ತಳಿ, ನೆರಳಿನವು ಎಳೇ ಚಂದ್ರಗಿರಿ ತಳಿ ಆಗಿದ್ದರೆ? ವಯಸ್ಸು, ತಳಿ ಪ್ರಕಾರ ಬೇರೆ ಬೇರೆ ಕೋಷ್ಟಕ ಮಾಡಿ, ಪ್ರತಿಯೊಂದರಲ್ಲೂ ಬಿಸಿಲಿನ ಕಡೆಯೇ ಹೆಚ್ಚಿದೆಯಾ ನೋಡಿ. ಒಂದೇ ಸಾಲಿನಲ್ಲಿ ಎಣಿಸಿದ್ದರೂ ಈ ಲೆಕ್ಕ ಕೆಡುತ್ತದೆ, ಒಂದು ಗಿಡಕ್ಕೆ ಹಿಡಿದರೆ ಪಕ್ಕದ್ದಕ್ಕೂ ಹಿಡಿಯುವ ಸಂಭವ ಹೆಚ್ಚು. ಬೇರೆ ಬೇರೆ ಬ್ಲಾಕಿನಿಂದ ಆರಿಸಿ.

ಇನ್ನೊಂದು. ಹಿಂದಿನ ಟ್ರೇಸಿಂಗ್‌ನಲ್ಲಿ (ಹುಳ ಹಿಡಿದ ಗಿಡ ಹುಡುಕುವಾಗ) ಕಿತ್ತು ಸುಟ್ಟ ಗಿಡಗಳನ್ನು ಸೇರಿಸಿದ್ದೀರಾ? ಅವು ಬಿಸಿಲಿನ ಕಡೆಯವೇ ಹೆಚ್ಚಾಗಿದ್ದರೆ, ಆ ಖಾಲಿ ಗುಂಡಿಗಳನ್ನೂ ಎಣಿಸಬೇಕು. ಎಣಿಸಿ ಹೊಸ ನಾಲ್ಕು ಸಂಖ್ಯೆ ಇಲ್ಲೇ ಹಾಕಿ. ಅಲ್ಲಿಯವರೆಗೆ ನೆರಳಿನ ಹಾಲುವಾಣ ಮರ ಕಡಿಸಬೇಡಿ.